ವೇಗದ ಎಂಜಿನ್ನಿನ ಕವಾಟಗಳು

ಮೋಟಾರು ಕಾರಿನ ಎಂಜಿನ್ನಿನ ಮಾತು ಬಂದೊಡನೆ ನಮ್ಮ ಮನಸ್ಸು ಪಿಸ್ಟನ್ನಿನ ಕಡೆಗೆ ಹರಿಯುವುದು ಸಹಜ. ಪೆಟ್ರೋಲು ಉರಿಯುವುದು ಅದರ ತಲೆಯ ಮೇಲೆ. ಗಾಲಿಗಳನ್ನು ತಿರುಗಿಸುವ ಬಲವು ಹೊರಡುವುದೂ ಅಲ್ಲಿಂದಲೇ. ಆದರೆ ಎಂಜಿನ್ನು ಎಷ್ಟು ವೇಗವಾಗಿ ತಿರುಗಬಲ್ಲುದೆಂಬುದನ್ನು ಅನೇಕ ವೇಳೆ ನಿರ್ಣಯಿಸುವ ಭಾಗ ಬೇರೊಂದುಂಟು. ಅದು ಅಣಬೆಯ ಆಕಾರದ ಒಂದು ಉಕ್ಕಿನ ಮುಚ್ಚಳ. ಇದನ್ನು ನಾವು ಕವಾಟವೆನ್ನುತ್ತೇವೆ. ಗ್ಯಾರೇಜಿನವರ ಮಾತಿನಲ್ಲಿ ಇದು ವಾಲ್ವು.

ಎಂಜಿನ್ನಿನ ಬಲವನ್ನು ಹೆಚ್ಚಿಸಬೇಕೆಂದು ಹೊರಟ ತರುಣರು ಬೇಗನೆ ಕೈಹಾಕುವುದು ಈ ಕವಾಟದ ಸುತ್ತಲಿನ ಭಾಗಗಳಿಗೆ. ಹಾಗೆ ಕೈಹಾಕಿ, ಲೆಕ್ಕವಿಲ್ಲದೆ ಒಂದೊಂದು ಭಾಗವನ್ನು ಬದಲಾಯಿಸಿ, ಕಡೆಗೆ ಎಂಜಿನ್ನನ್ನೇ ಕಳೆದುಕೊಂಡವರೂ ಉಂಟು. ಒಂದು ಭಾಗವನ್ನು ಬದಲಾಯಿಸಿದಾಗ ಉಳಿದವುಗಳ ಲೆಕ್ಕ ಹೇಗೆ ಬದಲಾಗುವುದೆಂಬುದನ್ನು ಈ ಪಾಠದಲ್ಲಿ ವಿಚಾರಮಾಡೋಣ. ಇದಕ್ಕೆ ಬೇಕಾದುದು ಹೈಸ್ಕೂಲಿನ ಭೌತಶಾಸ್ತ್ರ ಮಾತ್ರ.

ಕವಾಟವು ನಡೆಯುವ ಬಗೆ

ಉದಾಹರಣೆಗಾಗಿ 1955ರಲ್ಲಿ ಅಮೆರಿಕದ ಷೆವರ್ಲೆ ಸಂಸ್ಥೆಯವರು ಹೊರತಂದ ಎಂಟು ಸಿಲಿಂಡರುಗಳ ಎಂಜಿನ್ನನ್ನು ತೆಗೆದುಕೊಳ್ಳೋಣ. ಅದರ ಗಾತ್ರ 265 ಘನ ಅಂಗುಲ, ಎಂದರೆ ಸುಮಾರು 4.3 ಲೀಟರು. ಈ ಎಂಜಿನ್ನೂ ಇದರ ಸಂತತಿಯವೂ ಅಮೆರಿಕದ ಓಟದ ಕಾರುಗಳಲ್ಲಿ ಬಹುಕಾಲ ಬಳಕೆಯಾದವು. ಆದಕಾರಣ ಕವಾಟದ ಭಾಗಗಳನ್ನು ಮಾರ್ಪಡಿಸುವ ವಿದ್ಯೆಯ ಬಹುಪಾಲು ಇದರ ಮೇಲೆಯೇ ಬೆಳೆಯಿತು.

ಇದರಲ್ಲಿ ಸಿಲಿಂಡರಿಗೆ ಎರಡು ಕವಾಟಗಳು: ಒಂದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಬಿಡಲು, ಇನ್ನೊಂದು ಹೊಗೆಯನ್ನು ಹೊರಗೆ ಕಳುಹಿಸಲು. ಎಂಜಿನ್ನಿನ ನಡುವೆ ಕ್ಯಾಮ್ ಷಾಫ್ಟ್ ಎಂಬ ದಂಡವು ತಿರುಗುತ್ತದೆ. ಅದರ ಮೈಮೇಲೆ ಮೊಟ್ಟೆಯ ಆಕಾರದ ಉಬ್ಬುಗಳುಂಟು, ಇವೇ ಕ್ಯಾಮುಗಳು. ಕ್ಯಾಮಿನ ಮೂಗು ತಿರುಗಿ ಬಂದಾಗ ಟ್ಯಾಪೆಟ್ ಎಂಬ ಸಣ್ಣ ಉರುಳೆ ಮೇಲೇಳುತ್ತದೆ. ಟ್ಯಾಪೆಟ್ಟು ಪುಷ್ ರಾಡ್ ಎಂಬ ಉದ್ದನೆಯ ಕಡ್ಡಿಯನ್ನು ತಳ್ಳುತ್ತದೆ. ಕಡ್ಡಿಯು ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ಏತದಂತೆ ರಾಕರಿನ ಇನ್ನೊಂದು ತುದಿ ಕೆಳಗಿಳಿದು ಕವಾಟವನ್ನು ತೆರೆಯುತ್ತದೆ. ರಾಕರಿನ ಎರಡು ತೋಳುಗಳ ಪ್ರಮಾಣ 1.5ಕ್ಕೆ 1. ಟ್ಯಾಪೆಟ್ಟು ಒಂದು ಮಿಲಿಮೀಟರು ಎದ್ದರೆ ಕವಾಟವು ಒಂದೂವರೆ ಮಿಲಿಮೀಟರು ತೆರೆಯುವುದು.

ಇಲ್ಲಿ ಒಂದು ಸಂಗತಿಯನ್ನು ಓದುಗರು ಮುಖ್ಯವಾಗಿ ಗಮನಿಸಬೇಕು. ಕ್ಯಾಮು ಕವಾಟವನ್ನು ತೆರೆಯಬಲ್ಲುದೇ ಹೊರತು ಮುಚ್ಚಲಾರದು. ಅದು ತಳ್ಳುತ್ತದೆ; ಎಳೆಯುವ ಶಕ್ತಿ ಅದಕ್ಕಿಲ್ಲ. ತೆರೆದ ಕವಾಟವನ್ನು ತಡೆದು ನಿಲ್ಲಿಸಿ ಮತ್ತೆ ಪೀಠಕ್ಕೆ ತಂದು ಕೂಡಿಸುವ ಹೊಣೆ ಸಂಪೂರ್ಣವಾಗಿ ಸ್ಪ್ರಿಂಗಿನದು. ಎಂಜಿನ್ನಿನ ವೇಗದ ಮಿತಿ ಅಡಗಿರುವುದು ಇಲ್ಲಿಯೇ.

ಸೆಕೆಂಡಿನ ಸಾವಿರದಲ್ಲಿ ಏಳು ಅಂಶ

ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ಯಾಮ್ ಷಾಫ್ಟು ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ, ಪ್ರತಿಯೊಂದು ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಕ್ರ್ಯಾಂಕ್ ಷಾಫ್ಟು 252 ಡಿಗ್ರಿ ತಿರುಗುವಷ್ಟು ಕಾಲ ಕವಾಟವು ತೆರೆದಿರುವುದಾದರೆ, ತೆರೆದು, ನಿಂತು, ಮರಳಿ ಮುಚ್ಚುವ ಕೆಲಸಕ್ಕೆಲ್ಲ ಸಿಕ್ಕುವ ವೇಳೆ 0.007 ಸೆಕೆಂಡು ಮಾತ್ರ.

ಕವಾಟವು ತೆರೆಯುವ ದೂರ 10 ಮಿಲಿಮೀಟರು ಎನ್ನೋಣ. ಅದರ ಚಲನೆಯನ್ನು ಸರಳ ಸಂಗತ ಚಲನೆಯೆಂದು ಭಾವಿಸಿದರೆ, ಗರಿಷ್ಠ ವೇಗೋತ್ಕರ್ಷವು ಅರ್ಧ ದೂರವನ್ನು ಕೋನೀಯ ವೇಗದ ವರ್ಗದಿಂದ ಗುಣಿಸಿದಷ್ಟು. ಕೋನೀಯ ವೇಗ ಸೆಕೆಂಡಿಗೆ ಸುಮಾರು 898 ರೇಡಿಯನ್. ಅದರ ವರ್ಗವನ್ನು 0.005 ಮೀಟರಿನಿಂದ ಗುಣಿಸಿದರೆ ಸುಮಾರು 4,030 ಬರುತ್ತದೆ. ಇದು ಭೂಮಿಯ ಗುರುತ್ವಾಕರ್ಷಣದ ವೇಗೋತ್ಕರ್ಷಕ್ಕಿಂತ 400 ಮಡಿಗೂ ಮಿಗಿಲು. ನಿಜವಾದ ಕ್ಯಾಮಿನ ಆಕಾರ ಇಷ್ಟು ಸರಳವಲ್ಲ. ಆದರೂ ವಿಷಯದ ಸ್ವರೂಪವನ್ನು ಅರಿಯಲು ಈ ಲೆಕ್ಕ ಸಾಕು.

ಕವಾಟ, ಅದರ ತುದಿಯಲ್ಲಿ ಸ್ಪ್ರಿಂಗನ್ನು ಹಿಡಿದಿಡುವ ಬಟ್ಟಲು, ಸ್ಪ್ರಿಂಗಿನ ಒಂದು ಅಂಶ, ರಾಕರು ಮೊದಲಾದ ಚಲಿಸುವ ಭಾಗಗಳನ್ನೆಲ್ಲ ಕವಾಟದ ಕಡೆಗೆ ಲೆಕ್ಕಹಾಕಿದಾಗ ಒಟ್ಟು ದ್ರವ್ಯರಾಶಿ 200 ಗ್ರಾಂ ಎಂದಿಟ್ಟುಕೊಂಡರೆ, ಪೂರ್ತಿ ತೆರೆದ ಕವಾಟವನ್ನು ತಡೆದು ಹಿಂದಿರುಗಿಸಲು ಬೇಕಾದ ಬಲ 806 ನ್ಯೂಟನ್. ಸ್ಪ್ರಿಂಗು ಕವಾಟ ಮುಚ್ಚಿರುವಾಗ 400 ನ್ಯೂಟನ್ ಬಲದಿಂದ ಒತ್ತುತ್ತಿದ್ದು, ಮುಂದೆ ಒಂದೊಂದು ಮಿಲಿಮೀಟರು ಅದುಮಿದಾಗಲೂ 70 ನ್ಯೂಟನ್ ಹೆಚ್ಚುವುದಾದರೆ, ಪೂರ್ತಿ ತೆರೆದಾಗ ಅದರ ಬಲ 1,100 ನ್ಯೂಟನ್. ಬೇಕಾದುದಕ್ಕಿಂತ ಸುಮಾರು 290 ನ್ಯೂಟನ್ ಹೆಚ್ಚಾಗಿಯೇ ಇದೆ. ಎಲ್ಲವೂ ಕ್ಷೇಮ.

ಈಗ ವೇಗವನ್ನು 7,200 ಸುತ್ತಿಗೆ ಏರಿಸೋಣ. ವೇಗವು 1.2 ಮಡಿಯಾಯಿತು, ಬೇಕಾದ ಬಲವು ಅದರ ವರ್ಗಕ್ಕನುಸಾರವಾಗಿ 1.44 ಮಡಿಯಾಗುವುದು. ಎಂದರೆ 1,160 ನ್ಯೂಟನ್. ಸ್ಪ್ರಿಂಗಿನ ಬಳಿ ಇರುವುದು 1,100 ಮಾತ್ರ! ಸುಮಾರು 7,000 ಸುತ್ತನ್ನು ದಾಟಿದೊಡನೆಯೇ ಕವಾಟವು ಕ್ಯಾಮಿನ ಹಿಡಿತವನ್ನು ಬಿಟ್ಟು ತನ್ನ ಜಡತ್ವದಿಂದ ಮುಂದೆ ಸಾಗುವುದು. ಇದನ್ನು ಕವಾಟದ ತೇಲಾಟವೆನ್ನಬಹುದು. ತೇಲಿದ ಕವಾಟವು ತಡವಾಗಿ ಬಂದು ಪೀಠವನ್ನು ಅಪ್ಪಳಿಸಿ ಪುಟಿಯುತ್ತದೆ. ಸಿಲಿಂಡರಿನ ಒತ್ತಡ ಸೋರಿ ಹೋಗುತ್ತದೆ. ಅಷ್ಟರಲ್ಲಿ ಪಿಸ್ಟನ್ನು ಮೇಲೇರಿ ಬಂದು ಇನ್ನೂ ಮುಚ್ಚದ ಕವಾಟಕ್ಕೆ ಡಿಕ್ಕಿ ಹೊಡೆದರೆ ಕವಾಟದ ಕಾಂಡ ಬಾಗುವುದು. ತಲೆ ಮುರಿದು ಬಿದ್ದರಂತೂ ಪಿಸ್ಟನ್ನು, ಸಿಲಿಂಡರು ಎಲ್ಲವೂ ಒಡೆಯುವುವು.

ಎರಡು ಚಿಕಿತ್ಸೆಗಳು

ಇದಕ್ಕೆ ಎರಡು ಚಿಕಿತ್ಸೆಗಳುಂಟು. ಮೊದಲನೆಯದು ಬಲವಾದ ಸ್ಪ್ರಿಂಗು. ಮುಚ್ಚಿರುವಾಗ 500 ನ್ಯೂಟನ್, ಮಿಲಿಮೀಟರಿಗೆ 80 ನ್ಯೂಟನ್ ಇರುವ ಸ್ಪ್ರಿಂಗನ್ನು ಹಾಕಿದರೆ ಪೂರ್ತಿ ತೆರೆದಾಗ 1,300 ನ್ಯೂಟನ್ ದೊರೆಯುವುದು. ವೇಗದ ಮಿತಿ ಸುಮಾರು 7,600ಕ್ಕೆ ಏರುವುದು. ಎರಡನೆಯದು ಭಾರವನ್ನು ಇಳಿಸುವುದು. ಹಳೆಯ ಸ್ಪ್ರಿಂಗನ್ನೇ ಇಟ್ಟುಕೊಂಡು 200 ಗ್ರಾಮಿನಲ್ಲಿ ಕೇವಲ 30 ಗ್ರಾಂ ಕಡಿಮೆಮಾಡಿದರೂ ಮಿತಿಯು ಅದೇ 7,600ಕ್ಕೆ ಏರುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಿ ನೋಡಬಹುದು.

ಫಲವೊಂದೇ ಆದರೂ ತೆರಬೇಕಾದ ಬೆಲೆ ಬೇರೆ ಬೇರೆ. ಬಲವಾದ ಸ್ಪ್ರಿಂಗಿನ ಒತ್ತಡವು ರಾಕರಿನ ಮೂಲಕ ಒಂದೂವರೆ ಮಡಿಯಾಗಿ ಟ್ಯಾಪೆಟ್ಟಿನ ಮೇಲೆ ಬೀಳುತ್ತದೆ: 1,300ಕ್ಕೆ 1,950 ನ್ಯೂಟನ್, ಎಂದರೆ ಸುಮಾರು 200 ಕಿಲೋಗ್ರಾಂ ಭಾರ. ಇಷ್ಟು ಭಾರವನ್ನು ಕ್ಯಾಮಿನ ಮೂಗು ಒಂದು ತೆಳುವಾದ ಗೆರೆಯಷ್ಟು ಜಾಗದಲ್ಲಿ ಹೊರಬೇಕು. ಇನ್ನೊಂದು ವಿಚಿತ್ರವೇನೆಂದರೆ, ಕ್ಯಾಮಿನ ಮೂಗಿಗೆ ಹೆಚ್ಚು ಕಷ್ಟವಾಗುವುದು ಎಂಜಿನ್ನು ನಿಧಾನವಾಗಿ ತಿರುಗುವಾಗ. ವೇಗದಲ್ಲಿ ಸ್ಪ್ರಿಂಗಿನ ಬಲದ ಬಹುಭಾಗ ಕವಾಟವನ್ನು ತಡೆಯುವುದರಲ್ಲಿ ವೆಚ್ಚವಾಗುತ್ತದೆ. ನಿಧಾನದಲ್ಲಿ ಇಡೀ ಬಲವೂ ಮೂಗಿನ ಮೇಲೆಯೇ ಕೂರುತ್ತದೆ. ಹೊಸ ಕ್ಯಾಮನ್ನೂ ಚಪ್ಪಟೆ ಟ್ಯಾಪೆಟ್ಟುಗಳನ್ನೂ ಹಾಕಿದ ಎಂಜಿನ್ನನ್ನು ಮೊದಲ ಇಪ್ಪತ್ತು ನಿಮಿಷ ನಿಧಾನಕ್ಕೆ ಬಿಡದೆ, ಸುಮಾರು 2,000 ಸುತ್ತಿನಲ್ಲಿಯೇ ಓಡಿಸುವುದೂ, ಜೋಡಿ ಸ್ಪ್ರಿಂಗುಗಳಿದ್ದರೆ ಅಷ್ಟು ಹೊತ್ತು ಒಳಗಿನದನ್ನು ತೆಗೆದಿಡುವುದೂ ಅನುಭವಸ್ಥರ ಪದ್ಧತಿ. ಈ ಎಚ್ಚರಿಕೆ ತಪ್ಪಿದರೆ ಕ್ಯಾಮಿನ ಮೂಗು ಕೆಲವೇ ನಿಮಿಷಗಳಲ್ಲಿ ಸವೆದುಹೋಗಬಹುದು.

ಭಾರವನ್ನು ಎಲ್ಲಿ ಇಳಿಸಬೇಕು?

ಭಾರ ಇಳಿಸುವುದರಲ್ಲಿಯೂ ವಿವೇಕ ಬೇಕು. ಟ್ಯಾಪೆಟ್ಟಿನ ಕಡೆಯ ಭಾಗಗಳ ವೇಗೋತ್ಕರ್ಷವು ಕವಾಟಕ್ಕಿಂತ 1.5 ಪಾಲು ಕಡಿಮೆ. ಅವುಗಳ ಬಲವು ರಾಕರನ್ನು ದಾಟಿ ಬರುವಾಗ ಮತ್ತೆ 1.5 ಪಾಲು ಕಡಿಮೆಯಾಗುವುದು. ಆದಕಾರಣ ಆ ಕಡೆಯ 2.25 ಗ್ರಾಂ ಕವಾಟದ ಕಡೆಯ ಒಂದು ಗ್ರಾಮಿಗೆ ಸಮ. ಕವಾಟದ ಕಡೆ 30 ಗ್ರಾಂ ಇಳಿಸಿದ ಫಲವು ಟ್ಯಾಪೆಟ್ಟಿನ ಕಡೆ ಸುಮಾರು 68 ಗ್ರಾಂ ಇಳಿಸಿದರೆ ಮಾತ್ರ ಬರುವುದು.

ಇದರಿಂದ ಎರಡು ಸೂತ್ರಗಳು ಹೊರಡುತ್ತವೆ. ಹಗುರವಾಗಬೇಕಾದುದು ಕವಾಟ ಮತ್ತು ಅದರ ಬಟ್ಟಲು. ಟೊಳ್ಳು ಕಾಂಡದ ಕವಾಟಗಳನ್ನೂ ಟೈಟೇನಿಯಂ ಬಟ್ಟಲುಗಳನ್ನೂ ಬಳಸುವುದು ಇದಕ್ಕಾಗಿಯೇ. ಟೈಟೇನಿಯಮ್ಮಿನ ಸಾಂದ್ರತೆ ಸುಮಾರು 4.5, ಉಕ್ಕಿನದು 7.8. ಆದರೆ ಈ ಲೋಹ ತುಟ್ಟಿ, ಮೇಲಾಗಿ ಉಜ್ಜಾಟವನ್ನು ಉಕ್ಕಿನಷ್ಟು ತಾಳಲಾರದು. ಪುಷ್ ರಾಡಾದರೋ ಹಗುರವಾಗಿರುವುದಕ್ಕಿಂತ ಗಡುಸಾಗಿರುವುದು ಮುಖ್ಯ. ತೆಳ್ಳನೆಯ ಕಡ್ಡಿಯು ಭಾರಕ್ಕೆ ಬಿಲ್ಲಿನಂತೆ ಬಾಗಿ, ಮರುಕ್ಷಣವೇ ನೆಟ್ಟಗಾಗಿ ಕವಾಟವನ್ನು ಕ್ಯಾಮು ಹೇಳದ ಕಡೆಗೆ ಚಿಮ್ಮಿಸುವುದು. ಕವಾಟದ ಕಡೆ ಗ್ರಾಮುಗಳನ್ನು ಉಳಿಸಿ, ಪುಷ್ ರಾಡಿನಲ್ಲಿ ಕೆಲವು ಗ್ರಾಂ ಹೆಚ್ಚಿಗೆ ಕೊಟ್ಟು ಗಡುಸನ್ನು ಪಡೆಯುವುದು ಲಾಭದ ವ್ಯಾಪಾರ.

ಸ್ಪ್ರಿಂಗಿಗೂ ತನ್ನದೇ ಆದ ಕಂಪನವುಂಟು. ಅದರ ಸಹಜ ಆವೃತ್ತಿ ಸೆಕೆಂಡಿಗೆ 400 ಇದ್ದರೆ, ಸೆಕೆಂಡಿಗೆ 50 ಸುತ್ತು ತಿರುಗುವ ಕ್ಯಾಮಿನ ಎಂಟನೆಯ ಮಡಿ ಅದಕ್ಕೆ ಸರಿಹೊಂದಿ ಅನುರಣನೆ ಹುಟ್ಟುವುದು. ಆಗ ಸುರುಳಿಗಳು ಅಲೆಯಲೆಯಾಗಿ ತುಯ್ದಾಡಿ, ಕಾಗದದ ಮೇಲಿನ ಲೆಕ್ಕದಷ್ಟು ಬಲ ಕೊಡಲಾರವು. ಬೇರೆ ಬೇರೆ ಆವೃತ್ತಿಯ ಎರಡು ಸ್ಪ್ರಿಂಗುಗಳನ್ನು ಒಂದರೊಳಗೊಂದು ಇಡುವುದರಿಂದಲೂ, ಜೇನುಗೂಡಿನಂತೆ ಮೇಲಕ್ಕೆ ಕಿರಿದಾಗುವ ಸ್ಪ್ರಿಂಗಿನಿಂದಲೂ ಈ ಕಂಪನವನ್ನು ತಗ್ಗಿಸಬಹುದು.

ಅಳತೆಯಿಲ್ಲದೆ ಜೋಡಣೆಯಿಲ್ಲ

1956ರಲ್ಲಿ ಷೆವರ್ಲೆ ಸಂಸ್ಥೆಯ ಎಂಜಿನಿಯರ್ ಜೋರಾ ಆರ್ಕಸ್ ಡುಂಟೋವ್ ಅವರ ಹೆಸರಿನ ಕ್ಯಾಮು ಕಾರ್ವೆಟ್ ಕಾರಿನಲ್ಲಿ ದೊರೆಯತೊಡಗಿತು. ಕವಾಟವನ್ನು ಹೆಚ್ಚು ಹೊತ್ತು ತೆರೆದಿಟ್ಟು, ವೇಗದಲ್ಲಿ ಸಿಲಿಂಡರು ತುಂಬುವಂತೆ ಮಾಡುವುದು ಅದರ ಗುಣ. ಅದರ ಜೊತೆಗೆ, ತಾನೇ ಸಂದನ್ನು ಸರಿಪಡಿಸಿಕೊಳ್ಳುವ ಎಣ್ಣೆಯ ಟ್ಯಾಪೆಟ್ಟಿನ ಬದಲು ಗಟ್ಟಿ ಟ್ಯಾಪೆಟ್ಟುಗಳನ್ನು ಕೊಟ್ಟಿದ್ದರು. ಎಣ್ಣೆಯ ಟ್ಯಾಪೆಟ್ಟಿನಲ್ಲಿ ಒಂದು ತೊಡಕುಂಟು: ಕವಾಟ ತೇಲಿದಾಗ ಉಂಟಾದ ಸಂದನ್ನು ಅದು ಎಣ್ಣೆಯಿಂದ ತುಂಬಿಕೊಂಡು, ಕವಾಟವನ್ನು ಮುಚ್ಚಗೊಡದೆ ಹಿಡಿದುಬಿಡುವುದು. ಹೊಸ ಕ್ಯಾಮು ಒಂಟಿಯಾಗಿ ಬರಲಾರದೆಂಬುದಕ್ಕೆ ಇದೊಂದು ನಿದರ್ಶನ.

ಹೆಚ್ಚು ಎತ್ತರದ ಕ್ಯಾಮನ್ನೋ, 1.5ರ ಬದಲು 1.6 ಪ್ರಮಾಣದ ರಾಕರನ್ನೋ ಹಾಕಿದಾಗ ಮೂರು ಸಂದುಗಳನ್ನು ಅಳೆಯಲೇಬೇಕು. ಒಂದು, ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗದೆ, ಒಟ್ಟು ಸುಮಾರು ಒಂದೂವರೆ ಮಿಲಿಮೀಟರು ತೆರಪು ಉಳಿದಿರಬೇಕು. ಎರಡು, ಬಟ್ಟಲು ಇಳಿದು ಕವಾಟದ ಎಣ್ಣೆಸೀಲಿಗೆ ಬಡಿಯಬಾರದು. ಮೂರು, ಕವಾಟಕ್ಕೂ ಪಿಸ್ಟನ್ನಿಗೂ ನಡುವೆ ಒಳಗವಾಟದಲ್ಲಿ ಸುಮಾರು 2 ಮಿಲಿಮೀಟರು, ಬಿಸಿಗೆ ಹಿಗ್ಗುವ ಹೊರಗವಾಟದಲ್ಲಿ ಸುಮಾರು ಎರಡೂವರೆ ಮಿಲಿಮೀಟರು ಬಿಡುವುದು ರೂಢಿ. ಈ ಕಡೆಯದನ್ನು ಅಳೆಯುವ ಉಪಾಯ ಬಲು ಸರಳ. ಪಿಸ್ಟನ್ನಿನ ತಲೆಯ ಮೇಲೆ ಮೆತು ಜೇಡಿಯನ್ನು ಮೆತ್ತಿ, ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಕವಾಟ ಒತ್ತಿದ ಕಡೆ ಜೇಡಿಯನ್ನು ಕೊಯ್ದು ಅದರ ದಪ್ಪವನ್ನು ಅಳೆಯುವುದು. ಒಂದು ಉಂಡೆ ಜೇಡಿಯ ಖರ್ಚಿನಲ್ಲಿ ಒಂದು ಎಂಜಿನ್ನು ಉಳಿಯುತ್ತದೆ.

ಬೇರೆಯವರು ಹಿಡಿದ ದಾರಿಗಳು

ಈ ಸಮಸ್ಯೆಯನ್ನು ಬುಡದಲ್ಲಿಯೇ ಕತ್ತರಿಸಲು ಯತ್ನಿಸಿದವರೂ ಉಂಟು. 1912ರ ಫ್ರೆಂಚ್ ಗ್ರ್ಯಾನ್ ಪ್ರೀ ಪಂದ್ಯವನ್ನು ಗೆದ್ದ ಪೂಜೋ ಕಾರಿನಲ್ಲಿ ಕ್ಯಾಮ್ ಷಾಫ್ಟುಗಳನ್ನು ಸಿಲಿಂಡರಿನ ತಲೆಯ ಮೇಲೆಯೇ ಇಟ್ಟು ಪುಷ್ ರಾಡನ್ನು ತೊಡೆದುಹಾಕಿದ್ದರು. ಸಿಲಿಂಡರಿಗೆ ನಾಲ್ಕು ಸಣ್ಣ ಕವಾಟಗಳನ್ನಿಟ್ಟು ಒಂದೊಂದರ ಭಾರವನ್ನೂ ಇಳಿಸಿದ್ದರು. 1954ರ ಮರ್ಸಿಡಿಸ್ ಓಟದ ಕಾರಿನಲ್ಲಿ ಕವಾಟವನ್ನು ಮುಚ್ಚಲು ಇನ್ನೊಂದು ಕ್ಯಾಮನ್ನೇ ಬಳಸಿದರು. 1956ರಲ್ಲಿ ಇಟಲಿಯ ಫಾಬಿಯೋ ತಾಲ್ಯೋನಿಯವರು ಅದೇ ತತ್ತ್ವವನ್ನು ಡುಕಾಟಿ ಮೋಟಾರುಸೈಕಲ್ಲಿಗೆ ಅಳವಡಿಸಿದರು. 1986ರಲ್ಲಿ ರೆನೋ ಸಂಸ್ಥೆಯವರು ಓಟದ ಎಂಜಿನ್ನಿನಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಅದುಮಿದ ಅನಿಲವನ್ನು ಬಳಸಿದರು. ಅನಿಲಕ್ಕೆ ಭಾರವೂ ಅತ್ಯಲ್ಪ, ತುಯ್ದಾಡುವ ಸುರುಳಿಯೂ ಇಲ್ಲ. ಈ ದಾರಿಯಲ್ಲಿ ಮುಂದುವರಿದು 2006ರ ಹೊತ್ತಿಗೆ ಫಾರ್ಮ್ಯುಲಾ ಒನ್ ಎಂಜಿನ್ನುಗಳು ನಿಮಿಷಕ್ಕೆ 20,000 ಸುತ್ತನ್ನು ಮುಟ್ಟಿದವು. ಮರುವರ್ಷ ಪಂದ್ಯದ ನಿಯಮವೇ 19,000ದ ಗಡಿಯನ್ನು ಹಾಕಬೇಕಾಯಿತು.

ಕೊನೆಗೆ ಓದುಗರಿಗೆ ಒಂದು ಅಭ್ಯಾಸ. ನಮ್ಮ ಉದಾಹರಣೆಯ ಎಂಜಿನ್ನಿಗೆ ಹಳೆಯ ಸ್ಪ್ರಿಂಗನ್ನೇ ಉಳಿಸಿಕೊಂಡು, ಅಷ್ಟೇ ಹೊತ್ತು ತೆರೆದಿರುವ, ಆದರೆ 10ರ ಬದಲು 12 ಮಿಲಿಮೀಟರು ತೆರೆಯುವ ಕ್ಯಾಮನ್ನು ಹಾಕಿದರೆ ವೇಗದ ಮಿತಿ ಏನಾಗುವುದು? 6,000 ಸುತ್ತಿನಲ್ಲಿ ಬೇಕಾದ ಬಲ 967 ನ್ಯೂಟನ್ನಿಗೆ ಏರುವುದು. ಹೆಚ್ಚು ಅದುಮಿದ ಸ್ಪ್ರಿಂಗಿನ ಬಲ 1,240 ಆಗುವುದು. ಲೆಕ್ಕವನ್ನು ಮುಗಿಸಿದರೆ ಮಿತಿಯು 7,000ದಿಂದ ಸುಮಾರು 6,800ಕ್ಕೆ ಇಳಿದಿರುವುದು ಕಾಣುತ್ತದೆ. ವೇಗಕ್ಕೆಂದು ಕೊಂಡುತಂದ ಭಾಗವೊಂದು, ಜೊತೆಗಾರರಿಲ್ಲದೆ ಬಂದುದರಿಂದ, ವೇಗವನ್ನೇ ಕುಗ್ಗಿಸಿತು. ಕ್ಯಾಮು, ಸ್ಪ್ರಿಂಗು, ರಾಕರು, ಕವಾಟ ಇವು ನಾಲ್ಕೂ ಒಂದೇ ಲೆಕ್ಕದ ನಾಲ್ಕು ಅಂಕಿಗಳು. ಒಂದನ್ನು ತಿದ್ದಿದವರು ಉಳಿದ ಮೂರನ್ನೂ ತಿದ್ದಿ ನೋಡಿದ ಮೇಲೆಯೇ ಎಂಜಿನ್ನಿಗೆ ಕೀಲಿ ತಿರುಗಿಸಬೇಕು.