ಯಕೃತ್ತಿನ ಕಸಿಯೂ ದೇಹದ ತೂಕವೂ

ಒಂದೇ ದೇಹದಲ್ಲಿ ಎರಡು ಕಾಯಿಲೆಗಳು ಸೇರಿದಾಗ ಒಂದರ ಚಿಕಿತ್ಸೆಗೆ ಇನ್ನೊಂದು ಅಡ್ಡಬರುವುದುಂಟು. ಯಕೃತ್ತು ಪೂರ್ಣವಾಗಿ ಕೆಟ್ಟಿರುವ ಸ್ಥೂಲಕಾಯದ ರೋಗಿಯ ಸ್ಥಿತಿ ಇಂಥದು. ಹೊಸ ಯಕೃತ್ತನ್ನು ಕಸಿ ಮಾಡದಿದ್ದರೆ ಅವನು ಬದುಕುವಂತಿಲ್ಲ. ಬೊಜ್ಜು ಇಳಿಯದೆ ಕಸಿಗೆ ಕೈಹಾಕಲು ವೈದ್ಯರು ಹಿಂಜರಿಯುತ್ತಾರೆ. ಬೊಜ್ಜನ್ನು ಇಳಿಸಿಕೊಳ್ಳಲು ಬೇಕಾದ ಶಕ್ತಿಯೂ ಕಾಲಾವಕಾಶವೂ ಅವನಿಗಿಲ್ಲ. ಜಠರವನ್ನು ಕಿರಿದುಮಾಡುವ ಶಸ್ತ್ರಕ್ರಿಯೆ ಈ ಇಕ್ಕಟ್ಟಿನಿಂದ ಪಾರಾಗಲು ಒಂದು ದಾರಿ. ಆದರೆ ಅದನ್ನು ಕಸಿಗೆ ಮೊದಲು ಮಾಡಬೇಕೆ, ಅನಂತರವೆ, ಅಥವಾ ಕಸಿಯೊಡನೆಯೆ? ಈ ಪ್ರಶ್ನೆಯನ್ನು ಬಿಡಿಸಲು ತರಗತಿಯಲ್ಲಿ ನಾವು ಕಲಿಯುವ ಭೌತಶಾಸ್ತ್ರವೂ ಸ್ವಲ್ಪ ನೆರವಾಗುತ್ತದೆ.

ಕೊಬ್ಬು ತುಂಬಿದ ಯಕೃತ್ತು

ವಯಸ್ಕರಲ್ಲಿ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಪಿತ್ತರಸವನ್ನು ಸ್ರವಿಸುವುದು, ಸಕ್ಕರೆಯನ್ನು ಶೇಖರಿಸಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ವಿಷವಸ್ತುಗಳನ್ನು ನಿವಾರಿಸುವುದು, ಇವೆಲ್ಲ ಅದರ ಕೆಲಸಗಳು. ಬೊಜ್ಜು, ಸಿಹಿಮೂತ್ರರೋಗ ಮುಂತಾದವು ಇರುವಲ್ಲಿ ಯಕೃತ್ತಿನ ಕೋಶಗಳಲ್ಲಿ ಕೊಬ್ಬು ಶೇಖರವಾಗುತ್ತದೆ. ಇಂಥವರೆಲ್ಲರಿಗೂ ಕೇಡಾಗುವುದೆಂದಲ್ಲ. ಆದರೆ ಕೆಲವರಲ್ಲಿ ಆ ಕೊಬ್ಬಿನೊಡನೆ ಉರಿಯೂತ ತೊಡಗಿ, ವರ್ಷಗಳು ಕಳೆದಂತೆ ಮೃದುವಾದ ಅಂಗದಲ್ಲೆಲ್ಲ ಕಲೆಗಟ್ಟಿದ ನಾರು ಹಬ್ಬಿ, ಅದು ಗಂಟುಗಂಟಾಗಿ ಗಡುಸಾಗುತ್ತದೆ. ಈ ಸ್ಥಿತಿಯೇ ಸಿರೋಸಿಸ್. ಮದ್ಯವನ್ನು ಮುಟ್ಟದವರಿಗೂ ಇದು ಬರಬಹುದು. ಅಮೆರಿಕದಲ್ಲಿ ಇಂದು ಯಕೃತ್ತಿನ ಕಸಿಯನ್ನು ಬೇಡುವ ಮುಖ್ಯ ಕಾರಣಗಳಲ್ಲಿ ಕೊಬ್ಬಿನಿಂದ ಬರುವ ಈ ರೋಗವೂ ಒಂದು.

ಮನುಷ್ಯನಲ್ಲಿ ಯಕೃತ್ತಿನ ಕಸಿಯನ್ನು ಮೊದಲು ಪ್ರಯತ್ನಿಸಿದವರು ಅಮೆರಿಕದ ಡೆನ್ವರ್ ನಗರದ ಶಸ್ತ್ರವೈದ್ಯ ಥಾಮಸ್ ಸ್ಟಾರ್ಜಲ್. 1963ರ ಆ ಪ್ರಯತ್ನ ಫಲಿಸಲಿಲ್ಲ. 1967ರಲ್ಲಿ ಅವರು ಕಸಿ ಮಾಡಿದ ಮಗುವೊಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ಈಗ ಕಸಿಯು ನೆಲೆಗೊಂಡ ಚಿಕಿತ್ಸೆಯಾಗಿದೆ. ಆದರೆ ಬೇಕೆನ್ನುವವರಿಗಿಂತ ದೊರೆಯುವ ಯಕೃತ್ತುಗಳು ಕಡಿಮೆ. ಆದಕಾರಣ ಯಾರಿಗೆ ಮೊದಲು ಎಂಬುದನ್ನು ಲೆಕ್ಕಹಾಕಿ ತೀರ್ಮಾನಿಸಬೇಕಾಗುತ್ತದೆ. ಅಮೆರಿಕದಲ್ಲಿ 2002ರಿಂದ ರಕ್ತಪರೀಕ್ಷೆಯ ಅಂಕಿಗಳನ್ನು ಆಧರಿಸಿ, ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲ ಸ್ಥಾನ ಕೊಡುವ ಪದ್ಧತಿ ನಡೆದುಬಂದಿದೆ.

ತಕ್ಕಡಿ ಹೇಳದ ಮಾತು

ಸ್ಥೂಲದೇಹದಲ್ಲಿ ಶಸ್ತ್ರಕ್ರಿಯೆ ಕಷ್ಟ. ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚು; ಹೃದಯಕ್ಕೂ ಶ್ವಾಸಕೋಶಗಳಿಗೂ ಶ್ರಮ ಹೆಚ್ಚು. ಆದ್ದರಿಂದ ಅನೇಕ ಆಸ್ಪತ್ರೆಗಳು ದೇಹರಾಶಿ ಸೂಚ್ಯಂಕಕ್ಕೆ ಒಂದು ಮಿತಿಯನ್ನಿಟ್ಟುಕೊಂಡಿವೆ. ಕೆಲವೆಡೆ ಅದು 35, ಕೆಲವೆಡೆ 40. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕಂಡುಕೊಂಡವನು ವೈದ್ಯನಲ್ಲ, ಬೆಲ್ಜಿಯಂ ದೇಶದ ಖಗೋಳಜ್ಞ ಅಡಾಲ್ಫ್ ಕೆಟ್ಲೆ. ಜನಸಮುದಾಯಗಳ ಸರಾಸರಿಯನ್ನು ತಿಳಿಯುವುದು ಅವನ ಉದ್ದೇಶವಾಗಿತ್ತು. ಒಬ್ಬ ರೋಗಿಯ ಹಣೆಬರಹವನ್ನು ನಿರ್ಣಯಿಸುವುದಲ್ಲ.

ಯಕೃತ್ತಿನ ರೋಗದಲ್ಲಿ ಈ ಅಂಕಿ ನಮ್ಮನ್ನು ಮೋಸಗೊಳಿಸಬಹುದು. 1.60 ಮೀಟರ್ ಎತ್ತರದ ಒಬ್ಬ ರೋಗಿ 95 ಕಿಲೋಗ್ರಾಂ ತೂಗುತ್ತಾನೆ ಎಂದುಕೊಳ್ಳೋಣ. ಎತ್ತರದ ವರ್ಗ 2.56, ಸೂಚ್ಯಂಕ 37.1. ಮಿತಿ 35 ಆಗಿರುವಲ್ಲಿ ಅವನಿಗೆ ಕಸಿ ಇಲ್ಲ. ಆದರೆ ಸಿರೋಸಿಸ್ ರೋಗಿಗಳಿಗೆ ಜಲೋದರ ಬರುವುದು ಸಾಮಾನ್ಯ. ಹೊಟ್ಟೆಯಲ್ಲಿ ಅನೇಕ ಲೀಟರು ನೀರು ತುಂಬಿಕೊಳ್ಳುತ್ತದೆ. ಇಂಥ ನೀರು ಲೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಗುತ್ತದೆ. ನಮ್ಮ ರೋಗಿಯ ಹೊಟ್ಟೆಯಿಂದ 9 ಲೀಟರು ತೆಗೆದರೆ ತೂಕ 86ಕ್ಕೆ, ಸೂಚ್ಯಂಕ 33.6ಕ್ಕೆ ಇಳಿಯಿತು. ಕೊಬ್ಬು ಒಂದು ಗ್ರಾಮಿನಷ್ಟೂ ಕರಗಲಿಲ್ಲ. ಆದರೂ ಅವನು ಮಿತಿಯ ಒಳಗೆ ಬಂದ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಉಪವಾಸದಿಂದ ತೂಕ ಇಳಿದಾಗ ಕರಗಿದ್ದು ಮಾಂಸಖಂಡವಾಗಿದ್ದರೆ ಸೂಚ್ಯಂಕ ಚೆನ್ನಾಗಿ ಕಂಡರೂ ರೋಗಿ ಇನ್ನಷ್ಟು ದುರ್ಬಲನಾಗುತ್ತಾನೆ. ತಕ್ಕಡಿ ಒಟ್ಟು ಭಾರವನ್ನು ಹೇಳುತ್ತದೆ. ಆ ಭಾರ ಯಾವುದರದೆಂದು ಹೇಳುವುದಿಲ್ಲ.

ಜಠರದ ಶಸ್ತ್ರಕ್ರಿಯೆ

ಬೊಜ್ಜನ್ನು ಇಳಿಸುವ ಶಸ್ತ್ರಕ್ರಿಯೆಗಳು ಹಲವು. ಯಕೃತ್ತಿನ ರೋಗಿಗಳಿಗೆ ಹೆಚ್ಚಾಗಿ ಆರಿಸುವುದು ತೋಳುಜಠರದ ಶಸ್ತ್ರಕ್ರಿಯೆಯನ್ನು. ಇದರಲ್ಲಿ ಜಠರದ ಹೊರಬಾಗಿನ ಉದ್ದಕ್ಕೂ ಕತ್ತರಿಸಿ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕುತ್ತಾರೆ. ಉಳಿಯುವುದು ಅಂಗಿಯ ತೋಳಿನಂಥ ಒಂದು ನಳಿಕೆ. ಸ್ವಲ್ಪ ಉಂಡರೂ ಅದು ತುಂಬುತ್ತದೆ. ಇದಲ್ಲದೆ, 1999ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಮಾಡಿದ, ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಉತ್ಪತ್ತಿಯಾಗುವ ಭಾಗವೂ ಹೋಗುವುದರಿಂದ ಹಸಿವೂ ತಗ್ಗುತ್ತದೆ.

ಕರುಳಿನ ದಾರಿಯನ್ನೇ ಬದಲಿಸುವ ಬೈಪಾಸ್ ಕ್ರಮವೂ ಇದೆ. ಆದರೆ ಕಸಿಯಾದವನು ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಜೀವಮಾನವಿಡೀ ಔಷಧಿ ಸೇವಿಸಬೇಕು. ಕರುಳಿನ ದಾರಿ ಬದಲಾದರೆ ಔಷಧಿ ರಕ್ತಕ್ಕೆ ಸೇರುವ ಪ್ರಮಾಣವೂ ಏರುಪೇರಾಗಬಹುದು. ಮೇಲಾಗಿ, ಕಸಿಯ ನಂತರ ಪಿತ್ತನಾಳ ಕಟ್ಟಿಕೊಂಡರೆ ಬಾಯಿಯ ಮೂಲಕ ಕೊಳವೆಯಿಳಿಸಿ ಅದನ್ನು ಸರಿಪಡಿಸಬೇಕಾಗುತ್ತದೆ. ಬೈಪಾಸ್ ಆದವರಲ್ಲಿ ಅಲ್ಲಿಗೆ ತಲಪುವುದೇ ಕಷ್ಟ. ತೋಳುಜಠರದಲ್ಲಿ ಆ ದಾರಿ ತೆರೆದೇ ಇರುತ್ತದೆ.

ಮೊದಲೋ, ಅನಂತರವೋ, ಒಟ್ಟಿಗೋ?

ಹಾಗಾದರೆ ಇದನ್ನು ಕಸಿಗೆ ಮೊದಲೇ ಏಕೆ ಮಾಡಬಾರದು? ರಕ್ತಪ್ರವಾಹದಲ್ಲಿ ಆಸಕ್ತನಾಗಿದ್ದ ಫ್ರೆಂಚ್ ವೈದ್ಯ ಪ್ವಾಸೆಯಿ 1840ರ ಸುಮಾರಿನಲ್ಲಿ ತೋರಿಸಿದ ನಿಯಮವನ್ನು ಇಲ್ಲಿ ನೆನೆಯಬೇಕು. ಸಣ್ಣ ಕೊಳವೆಯಲ್ಲಿ ದ್ರವದ ಹರಿವಿಗಿರುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಅರ್ಧವಾದರೆ ತಡೆ 16 ಮಡಿಯಾಗುತ್ತದೆ. ರಕ್ತನಾಳಗಳು ಗಾಜಿನ ನಳಿಕೆಗಳಲ್ಲವಾದರೂ ನಿಯಮದ ತಿರುಳು ಅವಕ್ಕೂ ಅನ್ವಯಿಸುತ್ತದೆ. ಗಡುಸಾದ ಯಕೃತ್ತಿನಲ್ಲಿ ಕಿರುನಾಳಗಳು ಇಕ್ಕಟ್ಟಾಗಿ, ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಾಲದಾಗುತ್ತದೆ. ಒತ್ತಡ ಏರಿ, ರಕ್ತವು ಜಠರ ಮತ್ತು ಅನ್ನನಾಳದ ಸುತ್ತಲಿನ ಅಭಿಧಮನಿಗಳಿಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಶಸ್ತ್ರವೈದ್ಯನ ಕತ್ತಿ ಆಡಬೇಕಾದುದು ಅಲ್ಲಿಯೇ. ರಕ್ತವೋ ಬೇಗ ಹೆಪ್ಪುಗಟ್ಟುವುದಿಲ್ಲ. ರೋಗ ಅಷ್ಟು ಮುಂದುವರಿಯದವರು ಈ ಶಸ್ತ್ರಕ್ರಿಯೆಯನ್ನು ತಾಳಿಕೊಳ್ಳಬಹುದು. ಯಕೃತ್ತು ಪೂರ್ಣ ಸೋತವರಿಗೆ ಅದು ಪ್ರಾಣಾಪಾಯ.

ಕಸಿಯ ಅನಂತರ ಮಾಡಿದರೆ ರೋಗಿ ಚೇತರಿಸಿಕೊಂಡಿರುತ್ತಾನೆ. ಆದರೆ ಹಳೆಯ ಗಾಯದಿಂದ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿರುತ್ತವೆ. ಕಸಿಯನ್ನು ಕಾಪಾಡುವ ಔಷಧಿಗಳು ಗಾಯ ಮಾಯುವುದನ್ನು ನಿಧಾನಗೊಳಿಸುತ್ತವೆ. ಆ ವೇಳೆಗೆ ಹೊಸ ಯಕೃತ್ತಿನಲ್ಲೂ ಕೊಬ್ಬು ಕೂಡತೊಡಗಿರಬಹುದು.

ಮೂರನೆಯದು ಅಮೆರಿಕದ ರಾಚೆಸ್ಟರಿನ ಮೇಯೊ ಕ್ಲಿನಿಕ್ ಹಿಡಿದ ದಾರಿ. ಸೂಚ್ಯಂಕ 35ನ್ನು ಮೀರಿದ ರೋಗಿಗಳನ್ನು ಅಲ್ಲಿ ಮೊದಲು ಪಥ್ಯಕ್ರಮಕ್ಕೆ ಸೇರಿಸುತ್ತಿದ್ದರು. ತೂಕ ಇಳಿದವರಿಗೆ ಕಸಿ ಮಾತ್ರ. ಇಳಿಯದವರಿಗೆ ಕಸಿಯೊಡನೆ ತೋಳುಜಠರ. ಹೊಸ ಯಕೃತ್ತನ್ನು ಕೂಡಿಸಿ ರಕ್ತಕ್ಕೆ ಸುಗಮವಾದ ದಾರಿ ದೊರೆತ ಮೇಲೆ, ಅದೇ ಶಸ್ತ್ರಕ್ರಿಯೆಯಲ್ಲಿ ಜಠರವನ್ನು ಕಿರಿದುಮಾಡಿದರು. ಒತ್ತಡದ ಮೂಲವನ್ನು ಮೊದಲು ತೆಗೆಯುವ ಈ ಅನುಕ್ರಮದ ಔಚಿತ್ಯವನ್ನು ಪ್ವಾಸೆಯಿಯ ನಿಯಮವನ್ನು ಬಲ್ಲ ವಿದ್ಯಾರ್ಥಿ ಕೂಡಲೇ ಗ್ರಹಿಸುವನು.

ಜೂಲಿ ಹೈಂಬಾಕ್ ಮತ್ತು ಸಂಗಡಿಗರು 2013ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಕಸಿ ಮಾತ್ರ ಆಗಿದ್ದವರಲ್ಲಿ 34 ಮಂದಿಯನ್ನು ಗಮನಿಸಿದಾಗ 21 ಮಂದಿಯ ಸೂಚ್ಯಂಕ ಮತ್ತೆ 35ನ್ನು ಮೀರಿತ್ತು. 12 ಮಂದಿಗೆ ಸಿಹಿಮೂತ್ರರೋಗ ಬಂದಿತ್ತು. ಎರಡೂ ಒಟ್ಟಿಗೆ ಆದ 7 ಮಂದಿಯಲ್ಲಿ ಸರಾಸರಿ ಸೂಚ್ಯಂಕ 29ಕ್ಕೆ ಇಳಿದಿತ್ತು. ಯಾರಿಗೂ ಹೊಸದಾಗಿ ಸಿಹಿಮೂತ್ರರೋಗ ಬರಲಿಲ್ಲ, ಯಾರೂ ಸಾಯಲಿಲ್ಲ. ಆದರೆ ಒಬ್ಬರಲ್ಲಿ ಜಠರದ ಹೊಲಿಗೆ ಸೋರಿತು. ಮತ್ತೊಬ್ಬರ ತೂಕ ಅತಿಯಾಗಿ ಇಳಿಯಿತು. 2018ರಲ್ಲಿ ಪ್ರಕಟವಾದ ಮುಂದಿನ ವರದಿಯೂ ಇದನ್ನೇ ಸಮರ್ಥಿಸಿತು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಏಳು ಎಂಬುದು ಚಿಕ್ಕ ಸಂಖ್ಯೆ. ರೋಗಿಗಳನ್ನು ಚೀಟಿಯೆತ್ತಿ ಎರಡು ಗುಂಪು ಮಾಡಿರಲಿಲ್ಲ. ಇಂಥ ಶಸ್ತ್ರಕ್ರಿಯೆಗೆ ನುರಿತ ತಂಡವೂ ಬೇಕು. ಇತ್ತೀಚೆಗೆ ಹಸಿವನ್ನು ತಗ್ಗಿಸುವ ಚುಚ್ಚುಮದ್ದುಗಳು ಬಂದಿವೆ. ಇವುಗಳಲ್ಲೊಂದಾದ ಸೆಮಾಗ್ಲುಟೈಡಿಗೆ ಅಮೆರಿಕದಲ್ಲಿ 2021ರಲ್ಲಿ ತೂಕ ಇಳಿಸಲೆಂದೂ, 2025ರಲ್ಲಿ ಸಿರೋಸಿಸ್ ಹಂತವನ್ನು ಮುಟ್ಟದ ಕೊಬ್ಬಿನ ಯಕೃದ್ರೋಗಕ್ಕೆಂದೂ ಅನುಮತಿ ದೊರೆಯಿತು. ರೋಗವನ್ನು ಆರಂಭದಲ್ಲೇ ತಡೆಯುವ ಮದ್ದುಗಳು ಹೆಚ್ಚಿದಂತೆ ಕತ್ತಿಯ ಅಗತ್ಯ ಕಡಿಮೆಯಾಗಬಹುದು.

ನಮ್ಮ ದೇಶಕ್ಕೂ ಇದು ಸಂಬಂಧಿಸಿದ ವಿಷಯ. ಭಾರತದಲ್ಲಿ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಬದುಕಿರುವ ಬಂಧುಗಳು ಕೊಟ್ಟ ಭಾಗದಿಂದ ನಡೆಯುತ್ತವೆ. ಆ ಭಾಗವು ರೋಗಿಯ ತೂಕದ 0.8 ಶೇಕಡದಷ್ಟಾದರೂ ಇರಬೇಕೆಂಬುದು ರೂಢಿಯ ಲೆಕ್ಕ. 95 ಕಿಲೋಗ್ರಾಂ ತೂಗುವವನಿಗೆ 760 ಗ್ರಾಂ ಬೇಕು. 70 ಕಿಲೋಗ್ರಾಂ ತೂಗುವವನಿಗೆ 560 ಗ್ರಾಂ ಸಾಕು. ಇಲ್ಲಿಯೂ ತಕ್ಕಡಿಯಲ್ಲಿ ಕೂತಿರುವುದು ಕೊಬ್ಬೋ ನೀರೋ ಮಾಂಸವೋ ಎಂದು ವಿಚಾರಿಸಬೇಕು. ಕೊಡುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿದ್ದರೆ ಅದೂ ಒದಗುವುದಿಲ್ಲ.

ಅಳತೆಯಿಲ್ಲದೆ ವಿಜ್ಞಾನವಿಲ್ಲ. ಆದರೆ ಅಳೆದದ್ದು ಏನನ್ನು ಎಂದು ಅರಿಯುವವರೆಗೆ ಅಳತೆ ಪೂರ್ಣವಾಗದು. ಸೂಚ್ಯಂಕ 37 ಎಂದು ಬರೆದಿರುವ ಚೀಟಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನ ಹೊಟ್ಟೆಯಲ್ಲಿರುವುದು 9 ಲೀಟರು ನೀರೆಂದು ತಿಳಿದವನಿಂದ ಅವನ ಜೀವ ಉಳಿಯಬಹುದು.