ಒಂದು ಪೆಟ್ಟಿಗೆ, ಎರಡು ಪ್ರತಿ

ಮೂಡುಬಿದಿರೆಯ ಗುರುಬಸದಿಯು ಧವಲ, ಜಯಧವಲ, ಮಹಾಧವಲಗಳೆಂಬ ಜೈನ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿತು. ಅಷ್ಟು ಹಳೆಯ ಪ್ರತಿ ಬೇರೆಲ್ಲಿಯೂ ದೊರೆಯದು. 19ನೆಯ ಶತಮಾನದ ಕೊನೆಯಲ್ಲಿ, ಓಲೆಗಳು ಶಿಥಿಲವಾಗಿರಲು, ನಕಲಿನ ಕೆಲಸ ಮೊದಲಾಯಿತು. ಧವಲದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಒಂದೇ ಪ್ರತಿಯನ್ನು ನಂಬಿದವರ ಈ ಭಯ ಇ-ಮೇಲಿಗೂ ಉಂಟು.

ಬಂಟ್ವಾಳದ ಕಚೇರಿಯೊಂದರ ಅಂಚೆಯೆಲ್ಲ ಅಲ್ಲಿಯದೇ ಒಂದು ಸರ್ವರಿನಲ್ಲಿದೆಯೆಂದು ಭಾವಿಸೋಣ. 1974ರಲ್ಲಿ ನೇತ್ರಾವತಿಯು ಆ ಪೇಟೆಗೆ ನುಗ್ಗಿದ್ದುಂಟು. ಹೊಸ ಸರ್ವರನ್ನು ಬೆಳ್ತಂಗಡಿಯಲ್ಲಿಟ್ಟರೆ ಅಲ್ಲಿಯ ಹೊಳೆಯೂ ನೇತ್ರಾವತಿಯನ್ನೇ ಸೇರುವುದು, ಮೂಡುಬಿದಿರೆಯೇ ಮೇಲು.

ಹಳೆಯ ಸರ್ವರ್ ಕೆಲಸ ಮಾಡುತ್ತಿರುವಾಗಲೇ ಅದರ ಕಾಗದಗಳನ್ನು ಹೊಸದಕ್ಕೆ ನಕಲಿಸುತ್ತೇವೆ. ಪ್ರತಿಯೊಂದು ಕಾಗದಕ್ಕೂ ಕ್ರಮಾಂಕವಿರುವುದರಿಂದ ಎರಡನೆಯ ಸಲ ಹೊಸದಾಗಿ ಬಂದುವನ್ನಷ್ಟೇ ಒಯ್ದರೆ ಸಾಕು. ಅನಂತರ, ಅಂಚೆ ಇನ್ನು ಎಲ್ಲಿಗೆ ಬರಬೇಕೆಂದು ಲೋಕಕ್ಕೆ ಸಾರುವ ಎಂಎಕ್ಸ್ ದಾಖಲೆಯನ್ನು ಬದಲಿಸಬೇಕು. ಇತರ ಯಂತ್ರಗಳು ಹಳೆಯ ದಾಖಲೆಯನ್ನು ಕೆಲಹೊತ್ತು ನೆನಪಿನಲ್ಲಿಟ್ಟಿರುತ್ತವೆ. ಆದುದರಿಂದ ಹಳೆಯ ಬಾಗಿಲನ್ನು ಕೂಡಲೇ ಮುಚ್ಚದೆ, ಕಡೆಗೊಮ್ಮೆ ಮತ್ತೆ ನಕಲಿಸಬೇಕು. ಅವಸರದವರು ಎಡವುವುದು ಇಲ್ಲಿಯೇ.

ಆ ಬಳಿಕ ಬಂಟ್ವಾಳದ ಯಂತ್ರವನ್ನು ಅವಳಿಯಾಗಿ ಉಳಿಸಿಕೊಳ್ಳಬಹುದು. ಒಂದರಲ್ಲಿ ಕಾಗದ ಬಂದರೆ, ಓದಿದರೆ, ಅಳಿಸಿದರೆ, ಮತ್ತೊಂದರಲ್ಲಿಯೂ ಹಾಗೆಯೇ ಆಗುವುದು. ಅಳಿಸಿದರೆ ಎಂಬ ಮಾತನ್ನು ಓದುಗರು ಗಮನಿಸಬೇಕು. ಬಸದಿಯ ಓಲೆಯನ್ನು ಗೆದ್ದಲು ತಿಂದರೆ ಅದರ ನಕಲಿನ ಅಕ್ಷರಗಳು ಮಾಯವಾಗವು. ಅವಳಿ ಪೆಟ್ಟಿಗೆಯಲ್ಲಾದರೋ, ಬಂಟ್ವಾಳದಲ್ಲಿ ಕೈತಪ್ಪಿ ಅಳಿಸಿದ ಕಾಗದವು ಕ್ಷಣಮಾತ್ರದಲ್ಲಿ ಮೂಡುಬಿದಿರೆಯಲ್ಲಿಯೂ ಅಳಿಯುವುದು! ಅವಳಿಯು ನೆರೆಯಿಂದ ಕಾಯುವುದು, ನಮ್ಮ ಕೈಯಿಂದ ಕಾಯದು. ಆದಕಾರಣ ದಿನದಿನದ ಸ್ಥಿತಿಯನ್ನು ಬೇರೆಯಾಗಿ ತೆಗೆದಿಡುವ ಮೂರನೆಯ ಪ್ರತಿಯೊಂದು ಬೇಕು. ಆಗಾಗ ಅದರಿಂದ ಒಂದು ಕಾಗದವನ್ನು ಹೊರತೆಗೆದು ಓದಿ ನೋಡಬೇಕು.