ಸಂಬಳ ನಿಂತಿತು, ಜೀವನಾಂಶದ ಆದೇಶ ನಿಲ್ಲಲಿಲ್ಲ

ಬೆಂಗಳೂರಿನಲ್ಲಿ ಮದುವೆಗಳಿಗೆ ಶಾಮಿಯಾನ, ಲೈಟಿಂಗ್ ಹಾಕಿಸುವವರೊಬ್ಬರ ಹತ್ತಿರ ನಾನು ಸೂಪರ್‌ವೈಸರ್ ಆಗಿದ್ದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಮದುವೆಗಳೆಲ್ಲ ರದ್ದಾದವು, ಸಂಬಳ ನಿಂತಿತು. ಮಗಳ ಜೀವನಾಂಶಕ್ಕೆ ತಿಂಗಳಿಗೆ 8,000 ರೂಪಾಯಿ ಕೊಡಬೇಕೆಂದು ಕೌಟುಂಬಿಕ ನ್ಯಾಯಾಲಯ ಅದಕ್ಕೂ ಮೊದಲೇ ಆದೇಶ ಮಾಡಿತ್ತು. ಬಾಕಿ ಬೆಳೆದದ್ದು ಹೇಗೆ, ಅದನ್ನು ತೀರಿಸುತ್ತ ನನಗೆ ತಿಳಿದದ್ದೇನು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ವಕೀಲನಲ್ಲ. ಕಾನೂನಿನ ಮಾತುಗಳನ್ನೆಲ್ಲ ಕೋರ್ಟಿಗೆ ಅಲೆಯುತ್ತ, ತಡವಾಗಿ ಕಲಿತೆ.

1. ಕೆಲಸ ಹೋದದ್ದನ್ನು ನೀವೇ ಹೋಗಿ ಕೋರ್ಟಿಗೆ ಹೇಳಬೇಕು

ಊರಿಗೆಲ್ಲ ಗೊತ್ತಿರುವ ಕಷ್ಟ, ಕೋರ್ಟಿಗೆ ಗೊತ್ತಿರುವುದಿಲ್ಲವೇ ಎಂದುಕೊಂಡು ಸುಮ್ಮನಿದ್ದೆ. ಆದರೆ ಕೋರ್ಟು ಬದಲಿಸುವ ತನಕ ಹಳೆಯ ಆದೇಶವೇ ಆದೇಶ. ಅಲ್ಲಿಯವರೆಗೆ ಪ್ರತಿ ತಿಂಗಳ ಪೂರ್ತಿ ಮೊತ್ತ ಬಾಕಿಗೆ ಸೇರುತ್ತಲೇ ಹೋಗುತ್ತದೆ. ಪರಿಸ್ಥಿತಿ ಬದಲಾಗಿದೆ, ಮೊತ್ತ ಇಳಿಸಿ ಎಂದು ಕೇಳಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 127ನೇ ಕಲಂ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಅವಕಾಶ 146ನೇ ಕಲಂನಲ್ಲಿದೆ. ನಾನು ಆ ಅರ್ಜಿ ಹಾಕಿದ್ದು ಮನೆಗೆ ವಾರಂಟ್ ಬಂದ ಮೇಲೆ. ಪೊಲೀಸರು ಮಹಡಿ ಮೆಟ್ಟಿಲ ಮೇಲೆ ನಿಂತು ನನ್ನ ಹೆಸರು ಕೇಳುವಾಗ ಕೆಳಗಿನ ಮನೆಯ ಓನರ್ ಬಾಗಿಲು ತೆಗೆದು ನೋಡುತ್ತಿದ್ದರು. ಆಮೇಲೆ ಕೋರ್ಟಿನಲ್ಲಿ ಬಾಕಿಯ ಪಟ್ಟಿ ನೋಡಿದೆ. ತಿಂಗಳಿಗೊಂದು ಸಾಲು, ಪ್ರತಿ ಸಾಲಿನಲ್ಲೂ 8,000, ಪಕ್ಕದಲ್ಲಿ ಪಾವತಿಯ ಕಾಲಂ ಖಾಲಿ.

ಕೊನೆಗೆ ಮೊತ್ತ ಇಳಿಯಿತು, ಆದರೆ ಅರ್ಜಿ ಹಾಕಿದ ದಿನದಿಂದ ಮುಂದಕ್ಕೆ ಮಾತ್ರ. ಹಿಂದಿನ ಬಾಕಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಕೋರ್ಟುಗಳು ಮತ್ತೆ ತೆರೆದ ಕೂಡಲೇ ಹೋಗಿದ್ದರೆ ಆ ಹೊರೆಯಲ್ಲಿ ಎಷ್ಟೋ ಉಳಿಯುತ್ತಿತ್ತು.

2. ಕೈಲಾದಷ್ಟನ್ನು ಬ್ಯಾಂಕ್ ಮೂಲಕವೇ ಕೊಡಿ

ಪೂರ್ತಿ ಹಣವಿಲ್ಲದಾಗ ಏನೂ ಕೊಡದೆ ಇರುವುದು ದೊಡ್ಡ ತಪ್ಪು. ನಾನು ಆಗಾಗ ಕೊಡುತ್ತಿದ್ದೆ, ಆದರೆ ಮಗಳ ಸೋದರಮಾವನ ಕೈಗೆ ನಗದು ಕೊಡುತ್ತಿದ್ದೆ. ಶಾಲೆಯ ಯೂನಿಫಾರ್ಮ್, ಶೂ ಕೊಡಿಸಿದ್ದೆ. ವಿಚಾರಣೆಯಲ್ಲಿ ಅದಕ್ಕೆ ದಾಖಲೆ ಕೇಳಿದರು, ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಬಟ್ಟೆಬರೆ ಅಪ್ಪ ಪ್ರೀತಿಯಿಂದ ಕೊಟ್ಟದ್ದು, ಜೀವನಾಂಶಕ್ಕೆ ಜಮೆಯಲ್ಲ ಎಂದಾಯಿತು. ಆ ಮೇಲೆ 1,500 ಇರಲಿ, 2,000 ಇರಲಿ, ಮಗಳ ತಾಯಿಯ ಖಾತೆಗೆ ಹಾಕಿ, ಯಾವ ತಿಂಗಳ ಜೀವನಾಂಶ ಎಂದು ಅದರಲ್ಲೇ ಬರೆಯತೊಡಗಿದೆ. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೇಳುವ ದಿನ ನನ್ನ ಪರವಾಗಿ ನಿಂತದ್ದು ಆ ಪಾಸ್‌ಬುಕ್ ಒಂದೇ.

3. ಕೋರ್ಟಿನ ಹೊರಗಿನ ಟೀ ಅಂಗಡಿಯ ಸಲಹೆ ನಂಬಬೇಡಿ

"ಒಂದು ತಿಂಗಳು ಒಳಗಿದ್ದು ಬಾ, ಬಾಕಿಯೆಲ್ಲ ಮುಗಿಯುತ್ತೆ" ಎಂದು ಒಬ್ಬರು ಧೈರ್ಯ ತುಂಬಿದರು. ಜೈಲು ಬಾಕಿ ವಸೂಲಿಗೆ ಒತ್ತಡ ಹೇರುವ ವಿಧಾನ, ಅದರಿಂದ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಹೇಳಿದೆ. ಒಂದು ವರ್ಷ ದಾಟಿದ ಬಾಕಿ ತಾನಾಗಿ ಸತ್ತುಹೋಗುತ್ತದೆ ಎಂಬ ಮಾತನ್ನೂ ಕೇಳಿದ್ದೆ. ವಾರಂಟ್ ಕೇಳಲು ಒಂದು ವರ್ಷದ ಗಡುವು ಇರುವುದು ನಿಜ. ಆದರೆ ಅದರಿಂದ ಮಗುವಿನ ಹಕ್ಕು ಹೋಗುವುದಿಲ್ಲ ಎಂದು 2013ರ ಪೂಂಗೋಡಿ ತೀರ್ಪು ಸ್ಪಷ್ಟಪಡಿಸಿದೆ.

4. ಆದಾಯದ ಅಫಿಡವಿಟ್‌ನಲ್ಲಿ ಏನನ್ನೂ ಬಿಡಬೇಡಿ

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ರಜನೇಶ್ ವಿರುದ್ಧ ನೇಹಾ ತೀರ್ಪು ಬಂದ ಮೇಲೆ ಎರಡೂ ಕಡೆಯವರು ಆಸ್ತಿ, ಸಾಲ, ಆದಾಯದ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಬೇಕು. ರಾತ್ರಿ ಹೊತ್ತು ಗೂಡ್ಸ್ ಆಟೊ ಓಡಿಸಿ ಬರುತ್ತಿದ್ದ ದುಡ್ಡನ್ನು ನಾನು ಅದರಲ್ಲಿ ಬರೆದಿರಲಿಲ್ಲ. ಅದು ಕಾಯಂ ಸಂಪಾದನೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಅದನ್ನು ಬಯಲಿಗೆಳೆಯಿತು. ಆಮೇಲೆ ನಾನು ಹೇಳಿದ ನಿಜಗಳನ್ನೂ ನ್ಯಾಯಾಧೀಶರು ಅನುಮಾನದಿಂದಲೇ ಕೇಳಿದರು. ಬರೀ ಕೆಲಸವಿಲ್ಲ ಎಂದರೂ ಸಾಲದು. ಮೈಯಲ್ಲಿ ಶಕ್ತಿಯಿರುವವನು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕೆಂದು 2022ರ ಅಂಜು ಗರ್ಗ್ ತೀರ್ಪು ಹೇಳುತ್ತದೆ. ಕೆಲಸದಿಂದ ತೆಗೆದ ಪತ್ರ, ಬೇರೆ ಕೆಲಸಕ್ಕೆ ಹಾಕಿದ ಅರ್ಜಿಗಳು, ಈಗಿನ ಸಣ್ಣ ಸಂಪಾದನೆ, ಮೂರನ್ನೂ ಮುಂದಿಡಿ.

5. ಹಣವಿಲ್ಲವೆಂದು ಮಗುವನ್ನು ನೋಡುವುದು ಬಿಡಬೇಡಿ

ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಭೇಟಿ ತಪ್ಪಿಸಿದೆ. ನನಗೆ ಅವಳು ಬೇಡವಾಗಿದ್ದಾಳೆ ಎಂದು ಮಗಳು ತಿಳಿದುಕೊಂಡಳು. ಬಾಕಿಯನ್ನು ಕಂತಿನಲ್ಲಿ ಕಟ್ಟಿದೆ, ಆ ತಿಂಗಳುಗಳನ್ನು ಕಟ್ಟಿಕೊಡುವ ದಾರಿ ಗೊತ್ತಿಲ್ಲ.

6. ಮಗುವಿರುವ ಮನೆಯ ಲೆಕ್ಕವನ್ನೂ ನೋಡಿ

ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೂತಾಗ ಮಗಳ ತಾಯಿ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಹಾಲು, ಬಾಡಿಗೆ, ಕೆಮ್ಮಿನ ಔಷಧ, ಆನ್‌ಲೈನ್ ಕ್ಲಾಸಿಗೆ ಮೊಬೈಲ್ ರೀಚಾರ್ಜ್. ಶಾಲೆಯ ಫೀಸಿನ ಎದುರಿಗೆ ‘ಸರ ಅಡ ಇಟ್ಟದ್ದು’ ಎಂದಿತ್ತು. ಸಂಬಳ ಹೋದದ್ದು ನನಗೆ, ಕಷ್ಟವೂ ನನಗೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ನಾನು ಕಟ್ಟದ ಪ್ರತಿ ತಿಂಗಳನ್ನೂ ಅವರೊಬ್ಬರೇ ಕಟ್ಟಿದ್ದರು. ಆ ದಿನ ವಾದ ಬಿಟ್ಟು ಲೆಕ್ಕಕ್ಕೆ ಕೂತೆವು. ನಡೆಯುವ ತಿಂಗಳದ್ದು ಪೂರ್ತಿ, ಜೊತೆಗೆ ಬಾಕಿಯಲ್ಲಿ ಒಂದು ಕಂತು ಎಂದು ಒಪ್ಪಂದವಾಗಿ, ಅದನ್ನು ಕೋರ್ಟು ದಾಖಲಿಸಿಕೊಂಡಿತು. ನನ್ನ ಸಂಪಾದನೆಯಲ್ಲಿ ಕಟ್ಟಲಾಗುವ ಮೊತ್ತವನ್ನೇ ಒಪ್ಪಿದ್ದರಿಂದ ಅದು ತಪ್ಪಲಿಲ್ಲ. ಆ ದಿನದ ಉತ್ಸಾಹದಲ್ಲಿ ಹೆಚ್ಚಿಗೆ ಒಪ್ಪಿದ್ದರೆ ಮತ್ತೆ ವಾರಂಟೇ ಬರುತ್ತಿತ್ತು.

ಈ ತಿಂಗಳು ಕೆಲಸ ಕಳೆದುಕೊಂಡ ತಂದೆ ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಬಾಕಿ ಬೆಳೆಯುವ ಮೊದಲೇ ಅರ್ಜಿ ಹಾಕಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಮಿತಿಯೊಳಗಿದ್ದರೆ ಉಚಿತ ವಕೀಲರು ಸಿಗುತ್ತಾರೆ. ಮಗುವಿನ ಪರವಾಗಿ ಬರುವ ತಾಯಿಗೆ ಆ ಮಿತಿಯೂ ಇಲ್ಲ. ಸಹಾಯವಾಣಿಯ ಸಂಖ್ಯೆ 15100.